ಪೇಟ ಹೊತ್ತು ಮಾಲೀಕನನ್ನು ಹುಡುಕಿದ್ದು

ಮಾನೇಸರ್

ಹೊರದೇಶಕ್ಕೆ ಹೋಗುವವರು ಉಪ್ಪಿನಕಾಯಿ ಒಯ್ಯುತ್ತಾರೆ, ಚಟ್ನಿಪುಡಿ ಒಯ್ಯುತ್ತಾರೆ. ನಾನು ಒಯ್ದದ್ದು ಒಂದು ಮೈಸೂರು ಪೇಟ, ಒಂದು ಜರಿ ಅಂಚಿನ ಶಾಲು, ಒಂದು ಗಂಧದ ಹಾರ. ಇವನ್ನು ಯಾರಿಗೆ ಹಾಕಬೇಕು ಎನ್ನುವುದು ಮಾತ್ರ ವಿಮಾನ ಇಳಿದ ಮೇಲೂ ನನಗೆ ಗೊತ್ತಿರಲಿಲ್ಲ.

ನನ್ನ ಹೆಸರು ಸಬಿಹಾ, ಊರು ಚಿತ್ರದುರ್ಗ. ದಿಲ್ಲಿ ಹತ್ತಿರದ ಮಾನೇಸರಿನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಇಂಜಿನಿಯರ್. ಅಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಸಂಬಳವಿಲ್ಲದಿದ್ದರೂ ಹುಡುಕುತ್ತಾಳೆ ಎಂದು ಅಮ್ಮ ದೂರುತ್ತಾರೆ. ವಾರವೆಲ್ಲ ಹೀಗೆ ಕಳೆದು, ಭಾನುವಾರ ಬೆಳಿಗ್ಗೆ ಬಸ್ಸು, ಮೆಟ್ರೊ ಎರಡನ್ನೂ ಹಿಡಿದು ದಿಲ್ಲಿಯ ಕಿದ್ವಾಯಿ ನಗರಕ್ಕೆ ಹೋಗಿ ಭದ್ರಾ ಇಲೆವನ್ ಹೆಂಗಸರ ತಂಡದ ಗೋಲ್ ಕಾಯುತ್ತೇನೆ. ಅಲ್ಲಿ ಬೇರೆಯವರು ನನ್ನ ತಪ್ಪು ಹುಡುಕುತ್ತಾರೆ. ಹೀಗೆ ಸಮ ಆಗುತ್ತದೆ.

ಭದ್ರಾ ಇಲೆವನ್ ದಿಲ್ಲಿಯ ಕನ್ನಡಿಗರು ಸೇರಿ ಆಡುವ ಪುಟ್ಟ ಫುಟ್‌ಬಾಲ್ ಕ್ಲಬ್. ಕಟ್ಟಿದವರು ಶ್ಯಾಮರಾಯರು. ಭದ್ರಾವತಿಯಿಂದ ಬಂದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಈಗ ಮಗಳಿಗೆ ಸಿಕ್ಕಿರುವ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಹೆಂಡತಿ ಸುಮಿತ್ರಮ್ಮನವರ ಜೊತೆ ಇದ್ದಾರೆ. ಕಾಲೊನಿಯ ಗುಮಾಸ್ತರ ಮಕ್ಕಳು, ಡ್ರೈವರ್‌ಗಳ ಮಕ್ಕಳು, ಗೇಟಿನ ಬಳಿ ಚಹಾ ಮಾರುವ ಭಯ್ಯಾನ ಇಬ್ಬರು ಹೆಣ್ಣುಮಕ್ಕಳು, ಎಲ್ಲರೂ ಈ ಕ್ಲಬ್ಬಿನಲ್ಲಿ ಒಂದು ಪೈಸೆ ಕೊಡದೆ ಆಡುತ್ತಾರೆ. ಚೆಂಡಿಗೆ ಗಾಳಿ ತುಂಬುವವರು ರಾಯರು. ಗೋಲಿಗೆ ಬಲೆ ಕಟ್ಟುವವರು ರಾಯರು. ಜರ್ಸಿಗಳನ್ನು ಒಗೆಯುವುದು, ಒಣಗಿಸುವುದು ಅವರದೇ ಬಾಲ್ಕನಿಯಲ್ಲಿ. ಉಗ್ರಾಣ, ಗೇಟು, ನಲ್ಲಿ, ಟ್ರಂಕು, ಔಷಧಿ ಪೆಟ್ಟಿಗೆ, ಎಲ್ಲದರ ಬೀಗದ ಕೈಗಳೂ ಅವರ ಸೊಂಟದ ಗೊಂಚಲಿನಲ್ಲಿ. ರಾಯರು ಬರುತ್ತಿದ್ದಾರೆ ಎನ್ನುವುದು ಆ ಝಣಝಣದಿಂದಲೇ ನಮಗೆ ತಿಳಿಯುತ್ತಿತ್ತು. ವರ್ಷಕ್ಕೊಮ್ಮೆ ನಾವೆಲ್ಲ ಸೇರಿ ಅವರಿಗೆ ಶಾಲು ಹೊದಿಸಿ, ಪೇಟ ತೊಡಿಸಿ ಸನ್ಮಾನ ಮಾಡುತ್ತಿದ್ದೆವು. ಅವರ ಅಲಮಾರಿಯಲ್ಲಿ ಶಾಲುಗಳಿಗೇ ಒಂದು ಖಾನೆ ಇದೆ.

ಈ ವರ್ಷ ರಾಯರ ಮಂಡಿ ಕೈಕೊಟ್ಟಿತು. ಅದೇ ಹೊತ್ತಿಗೆ ಗುರುಗ್ರಾಮದಲ್ಲಿ ಕ್ರೀಡಾ ಅಕಾಡೆಮಿ ನಡೆಸುವ ಖನ್ನಾ ಸಾಹೇಬರು ಬಂದರು. ಸ್ಥಳೀಯ ಲೀಗಿನಲ್ಲಿ ನಮ್ಮ ಕ್ಲಬ್ಬಿಗೊಂದು ಜಾಗವಿದೆ. ಅದು ಅವರಿಗೆ ಬೇಕಿತ್ತು. ಕ್ಲಬ್ಬನ್ನು ತಮಗೆ ಬರೆದುಕೊಟ್ಟರೆ ದೀಪದ ಮೈದಾನ, ತರಬೇತುದಾರ, ಹೊಸ ಹೆಸರು ಎಲ್ಲವನ್ನೂ ಕೊಡುತ್ತೇನೆ ಎಂದರು. ಆಟ ಮಾತ್ರ ಗುರುಗ್ರಾಮದಲ್ಲಿ. ಶುಲ್ಕ ಕಟ್ಟಿದವರಿಗೆ ಮಾತ್ರ.

"ಮಂಡಿ ಹೋಯ್ತು ಕಣಮ್ಮ," ಎಂದರು ರಾಯರು ನನ್ನ ಹತ್ತಿರ. "ನನ್ನ ನಂತರ ಇದಕ್ಕೊಬ್ಬ ಮಾಲೀಕ ಬೇಕಲ್ಲ. ನೀನು ವಾಪಸ್ ಬರೋಷ್ಟರಲ್ಲಿ ಬೇರೆ ಯಾರೂ ಸಿಗದೆ ಇದ್ರೆ ಖನ್ನಾಗೇ ಹೂಂ ಅಂದ್ಬಿಡ್ತೀನಿ."

ವಾಪಸ್ ಬರುವ ಮಾತು ಯಾಕೆ ಬಂತೆಂದರೆ, ನಮ್ಮ ಕಾರ್ಖಾನೆ ನನ್ನನ್ನು ತರಬೇತಿಗೆಂದು ಜರ್ಮನಿಗೆ ಕಳಿಸುತ್ತಿತ್ತು. ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಕುಣಿದವನು ಪ್ರದೀಪ. ತುಮಕೂರಿನ ಹುಡುಗ, ಗುರುಗ್ರಾಮದ ಐಟಿ ಕಚೇರಿಯಲ್ಲಿ ಕೆಲಸ, ನಮ್ಮ ಗಂಡಸರ ತಂಡದ ಫಾರ್ವರ್ಡ್. ಜಗತ್ತಿನ ಸಮಸ್ಯೆಗಳೆಲ್ಲ ಒಂದು ಒಳ್ಳೆಯ ಇಮೇಲಿನಿಂದ ಪರಿಹಾರವಾಗುತ್ತವೆ ಎಂದು ನಂಬಿದವನು.

"ಸಬಿಹಾ, ಜರ್ಮನಿ ಅಂದ್ರೆ ಫುಟ್‌ಬಾಲ್. ಅಲ್ಲಿ ಒಂದೊಂದು ಕ್ಲಬ್ಬಿಗೂ ಒಬ್ಬ ದೊಡ್ಡ ಓನರ್ ಇರ್ತಾನೆ. ನೀನು ಹೋಗಿ ಒಂದು ಸನ್ಮಾನ ಮಾಡ್ಬಿಡು. ಫೋಟೋ ತೆಗಿ. ಇನ್ವೆಸ್ಟ್‌ಮೆಂಟ್ ವಿಷಯ ನಾನು ಇಮೇಲ್‌ನಲ್ಲಿ ನೋಡ್ಕೋತೀನಿ. ಚಲೋ, ಡನ್!"

ಸನ್ಮಾನ ಮಾಡಿಸಿಕೊಂಡವನು ಇಲ್ಲ ಎನ್ನಲಾರ ಎನ್ನುವುದು ನಮ್ಮ ಜನರ ದೃಢ ನಂಬಿಕೆ. ನಾನೂ ನಂಬಿದೆ. ರಾಯರು ತಮ್ಮ ಖಾನೆಯಿಂದಲೇ ಹೊಸದಾಗಿದ್ದ ಶಾಲು, ಪೇಟ, ಹಾರ ಆರಿಸಿಕೊಟ್ಟರು.

ಕಸ್ಟಮ್ಸ್ ಮೇಜು

ವಿಮಾನ ಇಳಿದ ಮೇಲೆ ನನ್ನ ಪೆಟ್ಟಿಗೆಯನ್ನೇ ತೆರೆಯಲು ಹೇಳಿದರು. ಎತ್ತರದ ಅಧಿಕಾರಿಣಿಯೊಬ್ಬರು ಗಂಧದ ಹಾರವನ್ನು ಮೂಸಿದರು. ಇನ್ನೊಬ್ಬರನ್ನು ಕರೆದು ಮೂಸಿಸಿದರು. ಆಮೇಲೆ ಪೇಟವನ್ನು ತಿರುಗಿಸಿ ತಿರುಗಿಸಿ ನೋಡಿ, ಇದೇನು ಎಂದು ಕೇಳಿದರು. ಇಂಗ್ಲಿಷಿನಲ್ಲಿ ಏನು ಹೇಳಬೇಕೋ ತೋಚದೆ ನಾನು ಅದನ್ನು ತಲೆಗೆ ಹಾಕಿಕೊಂಡು ನಿಂತೆ. ಹಿಂದಿನ ಸಾಲಿನಲ್ಲಿದ್ದ ಪಂಜಾಬಿ ಅಜ್ಜ "ವಾಹ್ ಬೇಟಾ" ಎಂದು ಚಪ್ಪಾಳೆ ತಟ್ಟಿದರು.

"ಇದು ನಿಮ್ಮದಾ?" ಎಂದರು ಅಧಿಕಾರಿಣಿ.

"ಇಲ್ಲ. ಒಬ್ಬ ಮಾಲೀಕರಿಗೆ ಕೊಡಬೇಕು."

"ಯಾವ ಮಾಲೀಕರು?"

"ಇನ್ನೂ ಹುಡುಕಬೇಕು."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪೇಟವನ್ನು ಮಗುವನ್ನು ಮಲಗಿಸುವ ಹಾಗೆ ಪೆಟ್ಟಿಗೆಯಲ್ಲಿಟ್ಟು ನನ್ನನ್ನು ಹೋಗಲು ಬಿಟ್ಟರು.

ಕಾರ್ಖಾನೆಯ ಊರು

ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಉಚ್ಚರಿಸಲು ನನಗೆ ಕೊನೆಯವರೆಗೂ ಬರಲಿಲ್ಲ. ನಾನು ಹೇಳಿದಾಗಲೆಲ್ಲ ಬಸ್ಸಿನ ಚಾಲಕ ಬೇರೆ ಯಾವುದೋ ಊರಿನ ಟಿಕೆಟ್ ಕೊಡುತ್ತಿದ್ದ. ಒಂದು ನದಿ, ಒಂದು ಚರ್ಚು, ಒಂದು ಕಾರ್ಖಾನೆ, ಎರಡು ಬೇಕರಿ, ಇಷ್ಟೇ ಊರು.

ನನ್ನ ತರಬೇತಿಯ ಹೊಣೆ ಹೊತ್ತವರು ಹೈಕೆ ಎಂಬ ಮಹಿಳೆ. ಐವತ್ತು ದಾಟಿದವರು, ಬೆಳ್ಳಿ ಕೂದಲು, ಗಟ್ಟಿ ಹೆಜ್ಜೆ. ಇಂಗ್ಲಿಷನ್ನು ಒಂದೊಂದೇ ಪದ ತೂಗಿ ಆಡುತ್ತಿದ್ದರು. ಮೊದಲ ದಿನವೇ ರಸ್ತೆ ದಾಟುವಲ್ಲಿ ನಾನು ಎಡವಟ್ಟು ಮಾಡಿದೆ. ಕೆಂಪು ದೀಪ ಇತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಾನೇಸರ್ ಚೌಕದಲ್ಲಿ ಟ್ರಕ್ಕುಗಳ ನಡುವೆ ನುಸುಳಿ ಬದುಕಿದ ನಾನು ಸಲೀಸಾಗಿ ದಾಟಿಬಿಟ್ಟೆ. ತಿರುಗಿ ನೋಡಿದರೆ ಹೈಕೆ ಆಚೆ ಬದಿಯಲ್ಲೇ ನಿಂತಿದ್ದಾರೆ, ಖಾಲಿ ರಸ್ತೆಗೆ ಮರ್ಯಾದೆ ಕೊಡುತ್ತಾ. ಅವರ ಪಕ್ಕದಲ್ಲಿದ್ದ ಒಂದು ನಾಯಿ ಕೂಡ ನಿಂತಿತ್ತು. ನಾಯಿಯ ಮುಂದೆ ನನಗೆ ತುಂಬಾ ನಾಚಿಕೆಯಾಯಿತು.

ಕಾರ್ಖಾನೆಯಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ. ಸಿಗಲಿಲ್ಲ. ಇದರಿಂದ ಮನಸ್ಸಿಗೆ ಸ್ವಲ್ಪ ಕಿರಿಕಿರಿಯೇ ಆಯಿತು ಎನ್ನಬೇಕು. ಕೊನೆಗೆ ಅವರ ಚಹಾ ಕುಡಿದ ಮೇಲೆ ಸಮಾಧಾನವಾಯಿತು. ಬಿಸಿನೀರಿಗೆ ಚಹಾದ ಪುಟ್ಟ ಚೀಲವನ್ನು ತೋರಿಸಿ ಹೊರಗೆ ತೆಗೆಯುತ್ತಾರೆ, ಅಷ್ಟೇ. ಹಾಲು ಕೇಳಿದರೆ ತಣ್ಣನೆಯದು ಕೊಡುತ್ತಾರೆ. ನಮ್ಮ ಗೇಟಿನ ಭಯ್ಯಾ ಇದನ್ನು ನೋಡಿದ್ದರೆ ಕಣ್ಣೀರು ಹಾಕುತ್ತಿದ್ದ.

ವಾರದ ಕೊನೆಯಲ್ಲಿ ಹೈಕೆ ಕೇಳಿದರು. "ಭಾನುವಾರ ಏನು ಮಾಡುತ್ತೀರಿ?"

"ಊರಲ್ಲಿದ್ದರೆ ಗೋಲ್ ಕಾಯುತ್ತಿದ್ದೆ," ಎಂದೆ.

ಅವರ ಮುಖ ಅರಳಿತು. ಈ ಊರಿನ ಕ್ಲಬ್ಬಿಗೆ ಅವರೂ ಸದಸ್ಯರಂತೆ, ಭಾನುವಾರ ಪಂದ್ಯವಿದೆಯಂತೆ. ರಾತ್ರಿಯೇ ಶಾಲಿಗೆ ಇಸ್ತ್ರಿ ಹಾಕಿಟ್ಟೆ.

ಮೈದಾನ

ನದಿಯ ಪಕ್ಕದಲ್ಲಿ ಹಸಿರು ಮೈದಾನ, ಅದರ ತುದಿಯಲ್ಲಿ ಮರದ ಒಂದು ಉದ್ದನೆಯ ಮನೆ. ಹೊರಗೆ ಇಡೀ ಊರೇ ಇದ್ದ ಹಾಗಿತ್ತು. ನಾನು ಪೇಟ, ಶಾಲು, ಹಾರ ಇದ್ದ ಚೀಲವನ್ನು ಎದೆಗವಚಿಕೊಂಡು ಹೈಕೆಗೆ ನನ್ನ ಉದ್ದೇಶ ಹೇಳಿದೆ. ನಮ್ಮ ಕ್ಲಬ್ಬಿನ ಪರವಾಗಿ ಇಲ್ಲಿನ ಮಾಲೀಕರಿಗೆ ಗೌರವ ಸಲ್ಲಿಸಬೇಕು, ಅವರು ಎಲ್ಲಿದ್ದಾರೆ?

"ಮಾಲೀಕರು?" ಹೈಕೆ ಯೋಚಿಸಿದರು. "ಅಧ್ಯಕ್ಷರನ್ನು ಕೇಳಿ ನೋಡಿ. ಅಡುಗೆಮನೆಯಲ್ಲಿದ್ದಾರೆ."

ಅಡುಗೆಮನೆಯಲ್ಲಿ ನನಗೆ ಕಂಡದ್ದು ಅಧ್ಯಕ್ಷರ ಕಾಲುಗಳು ಮಾತ್ರ. ಮಿಕ್ಕ ಭಾಗ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಸೇರಿ ಪೈಪು ರಿಪೇರಿ ಮಾಡುತ್ತಿತ್ತು. ನಮ್ಮಲ್ಲಿ ಅಧ್ಯಕ್ಷರೆಂದರೆ ಮೊದಲು ವೇದಿಕೆ ಹತ್ತುವವರು, ಕೊನೆಗೆ ಮೈಕು ಬಿಡುವವರು. ಈ ಅಧ್ಯಕ್ಷರು ಕೆಳಗಿನಿಂದಲೇ, "ನಾನು ಮಾಲೀಕ ಅಲ್ಲಪ್ಪ, ಖಜಾಂಚಿಯನ್ನು ಕೇಳಿ," ಎಂದರು. ಖಜಾಂಚಿ ಗೇಟಿನ ಬಳಿ ಟಿಕೆಟ್ ಹರಿಯುತ್ತಿದ್ದಳು. ಒಟ್ಟೊನನ್ನು ಕೇಳಿ, ಅವನೇ ಎಲ್ಲರಿಗಿಂತ ಹಳಬ ಎಂದಳು. ಒಟ್ಟೊ ಎಂಬ ಮುದುಕರು ಬಗ್ಗಿಕೊಂಡು ಸುಣ್ಣದ ಗೆರೆ ಎಳೆಯುತ್ತಿದ್ದರು. ನನ್ನ ಪ್ರಶ್ನೆ ಕೇಳಿ ಸೊಂಟ ನೆಟ್ಟಗೆ ಮಾಡಿ, ಹೈಕೆಯ ಕಡೆ ಬೆರಳು ತೋರಿಸಿ ಮತ್ತೆ ಬಗ್ಗಿದರು.

ಹೈಕೆ ನಗುತ್ತಾ ನನ್ನನ್ನು ಮರದ ಮನೆಯ ಒಳಗೆ ಕರೆದೊಯ್ದರು. ಗೋಡೆಯ ಮೇಲೆ ಒಂದು ಹಲಗೆ. ಹಲಗೆಯ ತುಂಬಾ ಮೊಳೆಗಳು. ಪ್ರತಿ ಮೊಳೆಯ ಮೇಲೂ ಒಂದು ಹೆಸರು, ಕೆಳಗೆ ನೇತಾಡುವ ಒಂದೇ ಒಂದು ಬೀಗದ ಕೈ. ಹುಲ್ಲಿನ ಯಂತ್ರದ ಕೋಣೆಗೆ ಒಬ್ಬರು. ಚೆಂಡುಗಳಿಗೆ ಒಬ್ಬರು. ದೀಪಕ್ಕೆ, ಅಡುಗೆಮನೆಗೆ, ಬಟ್ಟೆ ಒಗೆಯುವ ಯಂತ್ರಕ್ಕೆ ಒಬ್ಬೊಬ್ಬರು.

"ಇವರೆಲ್ಲ ಮಾಲೀಕರು," ಎಂದರು. "ನಿಮ್ಮ ಟೋಪಿ ಒಂದೇ ಇದೆಯಾ?"

ಪ್ರದೀಪ ಇಲ್ಲಿ ಇದ್ದಿದ್ದರೆ ಎಷ್ಟು ಇಮೇಲ್ ಬರೆಯಬೇಕಾಗುತ್ತಿತ್ತೋ ಏನೋ. ಹಲಗೆಯಲ್ಲಿ ಒಂದು ಮೊಳೆ ಖಾಲಿ ಇರುವುದು ನನ್ನ ಕಣ್ಣಿಗೆ ಬಿತ್ತು. ಅಂತೂ ಒಂದು ತಪ್ಪು ಸಿಕ್ಕಿತು ಎಂದು ಒಳಗೊಳಗೇ ಖುಷಿಯಾಗಿ, ಇದೇಕೆ ಖಾಲಿ ಎಂದು ಕೇಳಿದೆ.

"ಅದು ಧ್ವನಿವರ್ಧಕದ್ದು. ಅದನ್ನು ನೋಡಿಕೊಳ್ಳುತ್ತಿದ್ದವನು ಬೇರೆ ಊರಿಗೆ ಹೋದ. ಬೇರೆ ಯಾರಾದರೂ ಒಪ್ಪುವವರೆಗೆ ಬೀಗದ ಕೈ ಪೆಟ್ಟಿಗೆಯಲ್ಲಿರುತ್ತದೆ. ಅಲ್ಲಿಯವರೆಗೆ ನಮಗೆ ಧ್ವನಿವರ್ಧಕ ಇಲ್ಲ."

"ಇವರಲ್ಲೇ ಯಾರಿಗಾದರೂ ಕೊಡಬಹುದಲ್ಲ?"

"ಒಬ್ಬರಿಗೆ ಎರಡು ಕೊಡುವುದಿಲ್ಲ," ಎಂದರು ಹೈಕೆ. ಯಾಕೆ ಎಂದು ಕೇಳುವಷ್ಟರಲ್ಲಿ ಅವರು ನನ್ನ ಕೈಯಿಂದ ಚೀಲ ತೆಗೆದು ಪಕ್ಕಕ್ಕಿಟ್ಟು ಒಂದು ಏಪ್ರನ್ ಕೊಟ್ಟರು. "ಇಲ್ಲಿ ಸುಮ್ಮನೆ ನಿಂತು ನೋಡುವವರಿಗೆ ಜಾಗ ಇಲ್ಲ. ಬನ್ನಿ."

ವಾಫಲ್ ಕಿಟಕಿ

ಮೊದಲು ಸಾಸೇಜ್ ಸುಡುವ ಒಲೆಯ ಹತ್ತಿರ ನಿಲ್ಲಿಸಿದರು. ಅದು ಹಂದಿಮಾಂಸ, ನಾನು ಮುಟ್ಟುವುದಿಲ್ಲ ಎಂದೆ. ಯಾರೂ ಹುಬ್ಬು ಏರಿಸಲಿಲ್ಲ, ಯಾರೂ ವಿವರಣೆ ಕೇಳಲಿಲ್ಲ. ಹಾಗಾದರೆ ಸಿಹಿ ಕಡೆಗೆ ಎಂದು ವಾಫಲ್ ಕಿಟಕಿಗೆ ದಾಟಿಸಿದರು. ಎರಡು ಕಾದ ಕಬ್ಬಿಣದ ಹಲಗೆಗಳ ನಡುವೆ ಹಿಟ್ಟು ಹುಯ್ದು ಮುಚ್ಚಿದರೆ ಚೌಕ ಚೌಕದ ಗುಳಿಗಳಿರುವ ಸಿಹಿ ರೊಟ್ಟಿಯಾಗುತ್ತದೆ. ಇದೇನು ಮಹಾ ಎಂದುಕೊಂಡೆ.

ಕೈಗೆ ಸೌಟು ಬಂದದ್ದೇ ತಡ, ಕೈ ತನ್ನ ಹಳೆಯ ಕೆಲಸ ಶುರುಮಾಡಿತು. ಹಿಟ್ಟು ನಡುವೆ ಹುಯ್ದು ಸುತ್ತಲೂ ದೋಸೆಯ ಹಾಗೆ ಬಳಿದೆ. ಹಲಗೆಯ ಗುಳಿಗಳಲ್ಲಿ ಸೌಟು ಕಟಕಟನೆ ಕುಣಿಯಿತು. ಮುಚ್ಚಳ ಹಾಕಿದ ಕೂಡಲೇ ಹಿಟ್ಟು ನಾಲ್ಕೂ ಕಡೆಯಿಂದ ಹೊರಬಂದು ಮೇಜಿನ ಮೇಲೆ, ಅಲ್ಲಿಂದ ನನ್ನ ಶೂ ಮೇಲೆ ಇಳಿಯಿತು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮುಂದೆ ನಿಂತಿದ್ದ ಒಬ್ಬಾಕೆ ಆ ಹರಿದು ಚೂರಾದ ಮೊದಲ ವಾಫಲನ್ನೇ ಕೇಳಿ ತೆಗೆದುಕೊಂಡು ತಿಂದಳು. ಅರ್ಧ ಆಟ ಮುಗಿಯುವ ಹೊತ್ತಿಗೆ ನನಗೆ ಅದರ ಹದ ಸಿಕ್ಕಿತ್ತು. ಪಂದ್ಯದಲ್ಲಿ ಯಾರು ಗೋಲು ಹೊಡೆದರೋ ನೋಡಲಿಲ್ಲ. ಕೂಗು ಕೇಳಿಸಿದಾಗಲೆಲ್ಲ ಸೌಟು ಎತ್ತಿ ನಾನೂ ಕೂಗಿದೆ.

ಆಟ ಮುಗಿದ ಮೇಲೆ ನನಗೆ ನಿಜವಾದ ಆಶ್ಚರ್ಯ ಕಾದಿತ್ತು. ಯಾರೂ ಮನೆಗೆ ಹೋಗಲಿಲ್ಲ. ಎರಡು ಗೋಲು ಹೊಡೆದವನು ಎಂದು ಹೈಕೆ ತೋರಿಸಿದ ಹುಡುಗ ಪೊರಕೆ ಹಿಡಿದು ಬಟ್ಟೆ ಬದಲಿಸುವ ಕೋಣೆ ಗುಡಿಸುತ್ತಿದ್ದ. ಸೋತ ತಂಡದವರೂ ಕುರ್ಚಿ ಮಡಚುತ್ತಿದ್ದರು. ನಮ್ಮಲ್ಲಿ ಕೊನೆಯ ಸೀಟಿ ಊದುವಷ್ಟರಲ್ಲಿ ಅರ್ಧ ಜನ ಫೋನಿನಲ್ಲಿ ಕ್ಯಾಬ್ ಕರೆದಾಗಿರುತ್ತದೆ. ಮೈದಾನದಲ್ಲಿ ಉಳಿಯುವುದು ಖಾಲಿ ಬಾಟಲಿಗಳು ಮತ್ತು ಶ್ಯಾಮರಾಯರು.

ಬೇಲಿಯ ಪಕ್ಕ

ಸಂಜೆ ಬಿಸಿಲಿನಲ್ಲಿ ಒಟ್ಟೊ ಮೈದಾನದ ಅಂಚಿನಲ್ಲಿ ಮೊಣಕಾಲೆತ್ತರದ ಗಿಡಗಳಿಗೆ ನೀರು ಹಾಕುತ್ತಿದ್ದರು. ಪಕ್ಕದ ತೋಟದವನ ಎಲೆಕೋಸಿನ ಮೇಲೆ ಚೆಂಡು ಬೀಳುತ್ತದೆಯಂತೆ, ಅದಕ್ಕೆ ಬೇಲಿ. ಇದು ಚೆಂಡು ತಡೆಯುವಷ್ಟು ಎತ್ತರ ಆಗುವುದು ಯಾವಾಗ ಎಂದು ಹೈಕೆಯ ಮೂಲಕ ಕೇಳಿಸಿದೆ.

"ಬಹಳ ವರ್ಷ ಬೇಕು," ಎಂದರು ಒಟ್ಟೊ. "ಅಲ್ಲಿಯವರೆಗೆ ಪಕ್ಕದವನ ಹತ್ತಿರ ಜಗಳ ಆಡಬಾರದು. ಅದೇ ಕಷ್ಟ."

ಅವರಿಗೆ ಚಳಿಯಾಗುತ್ತಿತ್ತು. ನಾನು ಚೀಲದಿಂದ ಶಾಲು ತೆಗೆದು ಕೊಟ್ಟೆ. ಹೆಗಲಿಗೆ ಹೊದಿಸಲು ಹೋದರೆ ಅವರು ಅದನ್ನು ತೆಗೆದುಕೊಂಡು ಮಂಡಿಗೆ ಸುತ್ತಿಕೊಂಡು ಬೆಂಚಿನ ಮೇಲೆ ಕೂತರು. ಆ ಮಂಡಿ ನೋಡಿ ನನಗೆ ರಾಯರ ನೆನಪಾಯಿತು. ಹೈಕೆಯ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡೆ. ನಮ್ಮಲ್ಲೂ ಒಬ್ಬರಿದ್ದಾರೆ. ಗೆರೆ, ಬಲೆ, ಜರ್ಸಿ, ನೀರು, ಬೀಗ, ಎಲ್ಲವನ್ನೂ ಅವರೊಬ್ಬರೇ ಮಾಡುತ್ತಾರೆ, ಇಷ್ಟು ವರ್ಷಗಳಿಂದ, ಒಂದು ಭಾನುವಾರವೂ ತಪ್ಪಿಸದೆ. ನಾವು ಪ್ರತಿ ವರ್ಷ ಅವರನ್ನು ಸನ್ಮಾನಿಸುತ್ತೇವೆ.

ಎಷ್ಟು ದೊಡ್ಡ ಮನುಷ್ಯ ಎನ್ನುತ್ತಾರೆ ಎಂದು ಕಾದೆ. ಹೈಕೆ ಹುಬ್ಬು ಗಂಟಿಕ್ಕಿ, ಪದ ತೂಗಿ ಕೇಳಿದರು. "ಒಬ್ಬರೇ? ಪಾಪ. ಅವರು ಅಂಥದ್ದೇನು ತಪ್ಪು ಮಾಡಿದ್ದರು?"

ನಾನು ನಕ್ಕೆ. ಅವರು ನಗಲಿಲ್ಲ. ದಿನವೂ ತಪ್ಪು ಹುಡುಕುವ ನನಗೆ ಇದು ಯಾಕೆ ಕಂಡಿರಲಿಲ್ಲವೋ ತಿಳಿಯದು.

ಆಗ ಒಟ್ಟೊ ಬೀಗದ ಕೈಗಳ ಕಥೆ ಹೇಳಿದರು. ಬಹಳ ಹಿಂದೆ ಈ ಕ್ಲಬ್ಬಿಗೂ ಒಬ್ಬ ಶ್ರೀಮಂತ ಬಂದಿದ್ದನಂತೆ. ಒಳ್ಳೆಯವನೇ. ಕೈಬಿಚ್ಚಿ ಖರ್ಚು ಮಾಡಿದ, ಹೊರಗಿನಿಂದ ಆಟಗಾರರನ್ನು ತಂದ, ಕ್ಲಬ್ಬು ಮೇಲಿನ ಲೀಗಿಗೆ ಏರಿತು. ಊರವರು ಕೈಕಟ್ಟಿ ಕೂತು ಚಪ್ಪಾಳೆ ತಟ್ಟಿದರು. ಎಲ್ಲ ಬೀಗದ ಕೈಗಳೂ ಅವನ ಬಳಿಗೇ ಹೋದವು. ಒಂದು ದಿನ ಅವನಿಗೆ ಬೇಸರ ಬಂತು, ಹೊರಟುಹೋದ. ಆಟಗಾರರೂ ಹೋದರು. ಮುಂದಿನ ಭಾನುವಾರ ಊರವರು ಬಂದು ನೋಡಿದರೆ ಎಲ್ಲ ಬಾಗಿಲಿಗೂ ಬೀಗ.

"ನಮ್ಮದೇ ಮನೆಯ ಬೀಗವನ್ನು ನಾವೇ ಸುತ್ತಿಗೆಯಿಂದ ಒಡೆದೆವು," ಎಂದರು ಒಟ್ಟೊ. "ಅವತ್ತಿನಿಂದ ಒಬ್ಬರಿಗೆ ಒಂದೇ. ದುಡ್ಡು ಯಾರು ಬೇಕಾದರೂ ಕೊಡಲಿ, ತೆಗೆದುಕೊಳ್ಳುತ್ತೇವೆ. ಬೀಗದ ಕೈ ಒಂದೇ, ವೋಟು ಒಂದೇ."

ಹೊರಡುವ ಮುನ್ನ ಸನ್ಮಾನ ಆಗಲೇಬೇಕಿತ್ತು. ಪೇಟವನ್ನು ವಾಪಸ್ ಒಯ್ದರೆ ನನ್ನ ಮರ್ಯಾದೆ ಏನಾಗಬೇಕು? ಅಧ್ಯಕ್ಷರ ತಲೆ ಈಗ ಹೊರಗಿತ್ತು, ಆದರೆ ಅವರು ಒಪ್ಪಲಿಲ್ಲ. ಖಜಾಂಚಿ ಒಪ್ಪಲಿಲ್ಲ. ಒಬ್ಬರಿಗೆ ಹಾಕಿದರೆ ಇನ್ನೊಬ್ಬರಿಗೆ ಯಾಕಿಲ್ಲ ಎಂದು ಅವರವರಲ್ಲೇ ಚರ್ಚೆ ಶುರುವಾಯಿತು. ಜರ್ಮನ್ನರು ಚರ್ಚೆ ಶುರುಮಾಡಿದರೆ ನಮ್ಮ ಸಚಿವಾಲಯಗಳ ಫೈಲಿನ ಹಾಗೆ, ಬೇಗ ಮುಗಿಯುವುದಿಲ್ಲ. ಕೊನೆಗೆ ನಾನೇ ಎದ್ದು ಆ ಹಲಗೆಯ ಖಾಲಿ ಮೊಳೆಗೆ ಪೇಟ ನೇತುಹಾಕಿ, ಅದರ ಮೇಲೆ ಗಂಧದ ಹಾರ ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಧ್ವನಿವರ್ಧಕಕ್ಕೆ ಮುಂದೆ ಯಾರು ಬರುತ್ತಾರೋ ಅವರು ಅದನ್ನು ತೊಟ್ಟೇ ಮಾತಾಡಬೇಕು ಎಂದು ಅಲ್ಲೇ ಕೈಯೆತ್ತಿ ತೀರ್ಮಾನಿಸಿದರು.

ಕಿದ್ವಾಯಿ ನಗರ

ವಾಪಸ್ ಬಂದ ಭಾನುವಾರ ರಾಯರ ಮನೆಯಲ್ಲಿ ಸಭೆ. ಬಾಲ್ಕನಿಯ ತುಂಬಾ ಜರ್ಸಿಗಳು ಒಣಗುತ್ತಿದ್ದವು. ಮುಂದಿನ ಭಾನುವಾರ ಖನ್ನಾ ಸಾಹೇಬರು ಉತ್ತರ ಕೇಳಲು ಮೈದಾನಕ್ಕೇ ಬರುವವರಿದ್ದರು. ಸುಮಿತ್ರಮ್ಮ ಉಪ್ಪಿಟ್ಟು ಹಂಚುತ್ತಿದ್ದರು. ಪ್ರದೀಪ ಮೊದಲು ಕೇಳಿದ್ದು ಫೋಟೋ.

"ಪೇಟ ಯಾರ ತಲೆಗೆ ಹಾಕ್ದೆ?"

"ಒಂದು ಮೊಳೆಗೆ ಹಾಕಿ ಬಂದೆ."

"ಏನು?"

ಹೇಳಿದೆ. ತೊಟ್ಟಿಯ ಕೆಳಗಿನ ಅಧ್ಯಕ್ಷರು, ವಾಫಲ್, ಸುತ್ತಿಗೆ ಏಟು, ಎಲ್ಲವನ್ನೂ. ಹೈಕೆ ಕೇಳಿದ ಪ್ರಶ್ನೆಯನ್ನೂ ಹೇಳಿದೆ. ರಾಯರಿಗೆ ಸಿಟ್ಟು ಬಂತು.

"ಶಿಕ್ಷೆ ಅಂತ ನಾನು ಯಾವತ್ತಾದ್ರೂ ಅಂದಿದೀನಾ? ಇಷ್ಟಪಟ್ಟು ಮಾಡಿದ್ದು ಕಣಮ್ಮ ಇದು."

"ಅದೇ ರಾಯರೇ. ಇಷ್ಟದ ಕೆಲಸ ಎಲ್ಲ ನೀವೊಬ್ಬರೇ ಇಟ್ಕೊಂಡ್ರೆ ನಮಗೇನು ಉಳೀತು? ಕ್ಲಬ್ಬನ್ನ ಖನ್ನಾಗೆ ಕೊಡೋದಾದ್ರೆ ಬೀಗದ ಕೈ ಎಲ್ಲ ಕೊಡ್ತೀರಲ್ವಾ? ಅದನ್ನ ನಮಗೇ ಕೊಡಿ. ಒಬ್ಬರಿಗೆ ಒಂದು."

"ನೀವೆಲ್ಲಾ ನೌಕರಿಯವರು. ಇವತ್ತು ಇಲ್ಲಿ, ನಾಳೆ ಟ್ರಾನ್ಸ್‌ಫರ್. ಎಷ್ಟು ದಿನ ಇರ್ತೀರಿ?"

"ಹೋಗುವಾಗ ವಾಪಸ್ ಕೊಟ್ಟು ಹೋಗ್ತೀವಿ. ಇನ್ನೊಬ್ಬರು ತಗೋತಾರೆ."

ರಾಯರು ಗೊಂಚಲಿನ ಮೇಲೆ ಕೈಯಿಟ್ಟುಕೊಂಡರು. ಜರ್ಮನಿಯಲ್ಲಿ ಯಾರೂ ಸಿಗದಿದ್ದರೆ ಖನ್ನಾನೇ ಗತಿ, ಪ್ರಾಕ್ಟಿಕಲ್ ಆಗಿ ಯೋಚಿಸಬೇಕು ಎಂದು ಹೋದ ತಿಂಗಳೆಲ್ಲ ವಾದಿಸಿದ್ದ ಪ್ರದೀಪ ಗಂಟಲು ಸರಿಮಾಡಿಕೊಂಡ. ಎಲ್ಲರೂ ಅವನ ಕಡೆ ತಿರುಗಿದೆವು.

"ಜರ್ಸಿ ಟ್ರಂಕು ನನಗಿರಲಿ," ಎಂದ. "ನಮ್ಮ ಫ್ಲಾಟಲ್ಲಿ ವಾಷಿಂಗ್ ಮಷೀನ್ ಇದೆ."

ಅಷ್ಟು ಸಾಕಾಯಿತು. ನಲ್ಲಿ ನನಗೆ, ಗೇಟು ನನಗೆ ಎಂದು ಒಬ್ಬೊಬ್ಬರೇ ಶುರುಮಾಡಿದರು. ಖಾಲಿ ಬಾಟಲಿ ಹೆಕ್ಕುವ ಕೆಲಸಕ್ಕೆ ಬೀಗವಿಲ್ಲ, ಅದನ್ನು ನಾನು ತೆಗೆದುಕೊಂಡೆ. ರಾಯರ ಮೊಮ್ಮಗಳು ಮಾನ್ವಿ ಬಾಗಿಲಲ್ಲಿ ನಿಂತು, "ಅಜ್ಜು, ಫಸ್ಟ್ ಏಡ್ ಬಾಕ್ಸ್ ಮೇರಾ! ನಾನು ನೋಡ್ಕೋತೀನಿ, ಪ್ರಾಮಿಸ್," ಎಂದಳು. ರಾಯರು ಸೊಂಟದಿಂದ ಗೊಂಚಲು ತೆಗೆದರು. ಆದರೆ ಆ ಕಬ್ಬಿಣದ ಬಳೆ ಇಷ್ಟು ವರ್ಷ ಬಿಚ್ಚದೆ ತುಕ್ಕು ಹಿಡಿದಿತ್ತು. ಅವರ ಉಗುರಿಗೆ ಬಗ್ಗಲಿಲ್ಲ, ಪ್ರದೀಪನ ಹಲ್ಲಿಗೆ ಬಗ್ಗಲಿಲ್ಲ. ನಾನು ಹಿಡಿದೆ, ಸುಮಿತ್ರಮ್ಮ ಅಡುಗೆಮನೆಯಿಂದ ಇಕ್ಕಳ ತಂದು ಎಳೆದರು. ಬಳೆ ಟಣ್ ಎಂದು ಬಿಚ್ಚಿ, ಬೀಗದ ಕೈಗಳೆಲ್ಲ ಉಪ್ಪಿಟ್ಟಿನ ತಟ್ಟೆಗಳ ನಡುವೆ ಚೆಲ್ಲಿದವು.

"ನೀಲಿ ಜರ್ಸಿನ ಬಿಸಿ ನೀರಿಗೆ ಹಾಕ್ಬೇಡ," ಎಂದರು ರಾಯರು ಪ್ರದೀಪನಿಗೆ. "ಕೆಂಪು ಟವೆಲ್ ಜೊತೆ ಅಂತೂ ಹಾಕ್ಲೇಬೇಡ."

ಮತ್ತೊಂದು ಭಾನುವಾರ

ಅವನು ಕೆಂಪು ಟವೆಲ್ ಜೊತೆಗೇ ಹಾಕಿದ್ದ. ಭದ್ರಾ ಇಲೆವನ್ ಆ ದಿನ ಬದನೆಕಾಯಿ ಬಣ್ಣದ ಜರ್ಸಿಯಲ್ಲಿ ಮೈದಾನಕ್ಕಿಳಿಯಿತು. ನಲ್ಲಿಯವರು ನೀರು ಜಾಸ್ತಿ ಬಿಟ್ಟು ನನ್ನ ಗೋಲಿನ ಮುಂದೆ ಕೆಸರಾಗಿತ್ತು. ಬಲೆಯನ್ನು ತಲೆಕೆಳಗಾಗಿ ಕಟ್ಟಿದ್ದರು. ಸುಣ್ಣದ ಗೆರೆ ಯಮುನೆಯ ಹಾಗೆ ಬಳುಕುತ್ತಿತ್ತು. ತಪ್ಪು ಹುಡುಕುವ ನನಗೆ ಅದು ಹಬ್ಬದ ದಿನ.

ರಾಯರನ್ನು ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದೆವು, ಪಕ್ಕದಲ್ಲಿ ಸುಮಿತ್ರಮ್ಮ. ಇಷ್ಟು ವರ್ಷದಲ್ಲಿ ರಾಯರು ಒಂದು ಪಂದ್ಯವನ್ನೂ ಪೂರ್ತಿ ಕೂತು ನೋಡಿರಲಿಲ್ಲವಂತೆ. ಕೈ ಆಗಾಗ ಸೊಂಟಕ್ಕೆ ಹೋಗುತ್ತಿತ್ತು, ಅಲ್ಲಿ ಏನೂ ಸಿಗದೆ ಮಂಡಿಯ ಮೇಲೆ ಬಂದು ಕೂರುತ್ತಿತ್ತು. "ಇವತ್ತು ನಮ್ಮ ಬಾಲ್ಕನಿಯಿಂದ ಎದುರಿನ ಬ್ಲಾಕ್ ಕಾಣಿಸ್ತು ಕಣೇ," ಎಂದರು ಸುಮಿತ್ರಮ್ಮ ನನಗೆ. "ಅಲ್ಲೊಂದು ಬೇವಿನ ಮರ ಇದೆ. ನನಗೆ ಗೊತ್ತೇ ಇರಲಿಲ್ಲ."

ಆಟ ಮುಗಿಯುವ ಹೊತ್ತಿಗೆ ಖನ್ನಾ ಸಾಹೇಬರು ಬಂದರು. ರಾಯರು ತಲೆ ಅಲ್ಲಾಡಿಸಿ, ತಾವು ಈಗ ಮಾಲೀಕರಲ್ಲ, ತಮಗೆ ಒಂದು ವೋಟು ಮಾತ್ರ ಎಂದರು. ಹಾಗಾದರೆ ಮಾಲೀಕರು ಯಾರು ಎಂದು ಖನ್ನಾ ಸಾಹೇಬರಿಗೆ ಅರ್ಥವಾಗಲಿಲ್ಲ.

"ತೊ ಮಾಲಿಕ್ ಕೌನ್ ಹೈ, ರಾವ್ ಸಾಹಬ್?"

ರಾಯರು ಮೈದಾನದ ಕಡೆ ನೋಡಿದರು. ಒಬ್ಬ ಬಲೆ ಬಿಚ್ಚುತ್ತಿದ್ದ, ಒಬ್ಬ ನಲ್ಲಿಯ ಜೊತೆ ಗುದ್ದಾಡುತ್ತಿದ್ದ. ಮಾನ್ವಿ ಯಾರದೋ ಮೊಣಕೈಗೆ ಬೇಕಾದ್ದಕ್ಕಿಂತ ಹೆಚ್ಚು ಪಟ್ಟಿ ಸುತ್ತುತ್ತಿದ್ದಳು. ಪ್ರದೀಪ ಬದನೆಕಾಯಿ ಬಣ್ಣದ ಬಟ್ಟೆಗಳನ್ನು ಎಣಿಸಿ ಟ್ರಂಕಿಗೆ ತುಂಬುತ್ತಿದ್ದ. ಯಾರೂ ಕ್ಯಾಬ್ ಕರೆದಿರಲಿಲ್ಲ.

"ವೋ ದೇಖಿಯೇ," ಎಂದರು ರಾಯರು ಕೈ ಬೀಸಿ, "ಸಬ್ ವಹೀಂ ಹೈಂ. ಜಿಸ್ ಸೇ ಚಾಹೇಂ, ಪೂಛ್ ಲೀಜಿಯೇ."

ಎಲ್ಲರೂ ಅಲ್ಲೇ ಇದ್ದಾರೆ, ಯಾರನ್ನು ಬೇಕಾದರೂ ಕೇಳಿ ಎಂದದ್ದನ್ನು ನಂಬಿ ಖನ್ನಾ ಸಾಹೇಬರು ಒಬ್ಬರನ್ನು ಕೇಳಿದರು, ಅವರು ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ರಾಯರಿಗೂ ನಗು ಬಂತು, ನಗುತ್ತಾ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಅವರ ಕಣ್ಣು ಗೆರೆಯಾಚೆ ಬಿದ್ದಿದ್ದ ಖಾಲಿ ಬಾಟಲಿಗಳ ಮೇಲೆ ಬಿತ್ತು. ಕುರ್ಚಿಯ ಕೈ ಹಿಡಿದು ಏಳಲು ಹೊರಟರು.

ಸುಮಿತ್ರಮ್ಮ ಅವರ ಅಂಗಿಯ ತುದಿ ಹಿಡಿದು ಎಳೆದರು. "ಕೂತ್ಕೊಳ್ರೀ ಸುಮ್ನೆ. ಅದು ಸಬಿಹಾ ಕೆಲಸ."

ರಾಯರು ಕೂತರು. ನಾನು ಗ್ಲೌ ಬಿಚ್ಚಿ ಚೀಲ ಎತ್ತಿಕೊಂಡು ಬಾಟಲಿಗಳ ಕಡೆ ಹೋದೆ.